ಶಾಪವೆಂದುಕೊಂಡದ್ದು ಒಂದಕ್ಷರದ ತಪ್ಪು



1785ರಲ್ಲಿ ಫ್ರಾನ್ಸಿನ ಮಾಂಪೆಲ್ಯೆ ಊರಿನಲ್ಲಿ ಕಾರ್ಲೊ ಬೊನಪಾರ್ಟೆ ಎಂಬಾತ ತೀರಿಕೊಂಡ. ಹೊಟ್ಟೆ ಕೊಯ್ದು ನೋಡಿದವರಿಗೆ ಜಠರದ ಕೆಳಬಾಯಿಯಲ್ಲಿ ಗಡ್ಡೆ ಸಿಕ್ಕಿತು. 36 ವರ್ಷಗಳ ಮೇಲೆ ಮಗ ನೆಪೋಲಿಯನ್ ಸೇಂಟ್ ಹೆಲೆನಾ ದ್ವೀಪದಲ್ಲಿ ಸತ್ತಾಗಲೂ ಕೆಟ್ಟಿದ್ದು ಜಠರವೇ. ಅಪ್ಪನ ರೋಗ ತನಗೂ ಬಂತೆಂಬ ಅಂಜಿಕೆ ಅವನಿಗಿತ್ತು. ಆದರೆ ಇಷ್ಟರಿಂದಲೇ ಇದು ವಂಶದ ಕಾಯಿಲೆ ಎನ್ನಲಾಗದು. ಒಂದು ಮನೆಯವರು ತಿನ್ನುವ ಉಪ್ಪೂ ಒಂದೇ, ಕುಡಿಯುವ ನೀರೂ ಒಂದೇ. ರಕ್ತದಲ್ಲಿ ಬಂದದ್ದು ಯಾವುದು, ಅಡುಗೆಮನೆಯಲ್ಲಿ ಬಂದದ್ದು ಯಾವುದು ಎಂದು ಬಿಡಿಸಿ ಹೇಳಲು ಇನ್ನೂ ಸುಮಾರು ಇನ್ನೂರು ವರ್ಷ ಬೇಕಾಯಿತು.

ಬಿಡಿಸಿದ್ದು ನ್ಯೂಜಿಲೆಂಡಿನಲ್ಲಿ. ಟೌರಂಗಾ ಸೀಮೆಯ ಒಂದು ಮಾವೊರಿ ಮನೆತನದಲ್ಲಿ 30 ವರ್ಷಗಳ ಅವಧಿಗೆ 25 ಮಂದಿ ಜಠರದ ಕ್ಯಾನ್ಸರಿಗೆ ಬಲಿಯಾಗಿದ್ದರು. ಅವರಲ್ಲಿ 14 ವರ್ಷದ ಮಗುವೂ ಇತ್ತು. ಇದು ಶಾಪವೆಂದು ಮನೆಯ ಕೆಲವರು ನಂಬಿದ್ದರು. 1964ರಲ್ಲೇ ಒಬ್ಬ ವೈದ್ಯರು ಈ ಮನೆತನದ ಬಗ್ಗೆ ಲೇಖನ ಬರೆದಿದ್ದರೂ ಮಾತು ಅಲ್ಲಿಗೇ ನಿಂತಿತ್ತು. ಅದನ್ನು ಮತ್ತೆ ಎತ್ತಿದವರು ಮನೆತನದವರೇ. ಅವರಲ್ಲಿ ಮೇಬೆಲ್ ಮ್ಯಾಕ್ಲಿಯಾಡ್ ಮುಂದಾಳು. 1990ರ ದಶಕದಲ್ಲಿ ಅವರು ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆ ಕೂತು ವಂಶವೃಕ್ಷ ಬರೆಸಿದರು, ನೆಂಟರಿಷ್ಟರನ್ನು ಒಪ್ಪಿಸಿ ರಕ್ತ ಕೊಡಿಸಿದರು.

ಒಟಾಗೊದ ವಿಜ್ಞಾನಿ ಪ್ಯಾರಿ ಗಿಲ್ಫರ್ಡ್ ಮತ್ತು ಸಂಗಡಿಗರಿಗೆ 1998ರಲ್ಲಿ ಉತ್ತರ ಸಿಕ್ಕಿತು. ಸಿಡಿಎಚ್1 ಎಂಬ ವಂಶವಾಹಿಯಲ್ಲಿ ಡಿಎನ್‌ಎಯ ಒಂದಕ್ಷರ ಬದಲಾಗಿತ್ತು, ಜಿ ಇರಬೇಕಾದಲ್ಲಿ ಟಿ. 'ನೇಚರ್' ಪತ್ರಿಕೆಯ ಆ ಪ್ರಬಂಧದಲ್ಲಿ ವಿಜ್ಞಾನಿಗಳ ಪಕ್ಕದಲ್ಲೇ ಮ್ಯಾಕ್ಲಿಯಾಡ್ ಅವರ ಹೆಸರೂ ಲೇಖಕರಾಗಿ ಅಚ್ಚಾಗಿದೆ. ರಕ್ತ ತೆಗೆದುಕೊಂಡು ಮರೆತುಬಿಡುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಈ ವಂಶವಾಹಿಯ ಕೆಲಸ ಗೋಡೆ ಕಟ್ಟುವವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅದು ಇ-ಕ್ಯಾಡ್ಹೆರಿನ್ ಎಂಬ ಗಾರೆಯನ್ನು ತಯಾರಿಸುತ್ತದೆ. ಜಠರದ ಒಳಪದರದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಆ ಗಾರೆಯೇ. ಅಪ್ಪನಿಂದಲೋ ಅಮ್ಮನಿಂದಲೋ ಕೆಟ್ಟ ಪ್ರತಿ ಬಂದರೂ ಇನ್ನೊಂದು ಪ್ರತಿ ಬಹುಕಾಲ ಕೆಲಸ ನಡೆಸುತ್ತದೆ. ಅದೂ ಕೈಕೊಟ್ಟ ದಿನ ಇಟ್ಟಿಗೆಗಳು ಕಳಚಿ, ಗಡ್ಡೆ ಕಟ್ಟದೆ, ಪದರದ ಅಡಿಯಲ್ಲೇ ಹರಡುತ್ತವೆ. ಮೇಲ್ಮೈ ಮಾತ್ರ ನುಣ್ಣಗೆ, ಆರೋಗ್ಯವಾಗಿ ಕಾಣುತ್ತದೆ. ಎಂಡೋಸ್ಕೋಪಿ ಮಾಡಿದ ವೈದ್ಯರೂ ಮೋಸಹೋಗುವುದು ಇಲ್ಲೇ. ರೋಗ ಕಣ್ಣಿಗೆ ಬೀಳುವಷ್ಟರಲ್ಲಿ ಸಾಮಾನ್ಯವಾಗಿ ತಡವಾಗಿರುತ್ತದೆ, ಬದುಕುಳಿಯುವವರು ಕಡಿಮೆ.

ರಕ್ತಪರೀಕ್ಷೆ ಬಂದ ಮೇಲೆ ಈ ಮನೆತನದ ಹಲವರು ಕಠಿಣ ನಿರ್ಧಾರ ತೆಗೆದುಕೊಂಡರು. ಲಕ್ಷಣವೇ ಇಲ್ಲದ ಜಠರವನ್ನು ಪೂರ್ತಿ ತೆಗೆಸಿದರು. ಹಾಗೆ ತೆಗೆದ ಜಠರಗಳನ್ನು ಅಂಗುಲ ಅಂಗುಲ ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಬರಿಗಣ್ಣಿಗೆ ಏನೂ ಕಾಣದಿದ್ದ ಕೆಲವುಗಳಲ್ಲಿ ನೂರಕ್ಕೂ ಹೆಚ್ಚು ಸಣ್ಣ ಕ್ಯಾನ್ಸರ್ ಚುಕ್ಕೆಗಳು! ಜಠರವಿಲ್ಲದೆ ಉಣ್ಣುವುದು ಸುಲಭವಲ್ಲ; ಆಗಾಗ ಸ್ವಲ್ಪ ಸ್ವಲ್ಪವೇ ತಿನ್ನಬೇಕು, ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕು. ಆದರೂ ಮನೆಯಲ್ಲಿ ಸರಣಿ ಸಾವು ಕಂಡವರಿಗೆ ಅದು ಒಪ್ಪಿತವಾಯಿತು.

ಒಂದು ಎಚ್ಚರ. ಈ ದೋಷವಿದ್ದ ಗಂಡಸರಲ್ಲಿ ನೂರಕ್ಕೆ 70 ಮಂದಿಗೆ ರೋಗ ಬರುತ್ತದೆಂದು ಹಿಂದೆ ಲೆಕ್ಕಹಾಕಿದ್ದರು. ಅತಿ ಹೆಚ್ಚು ಸಾವು ಕಂಡ ಮನೆಗಳನ್ನೇ ಆರಿಸಿ ಎಣಿಸಿದರೆ ಅಂಕಿ ಏರದೆ ಇದ್ದೀತೆ? ಇನ್ನಷ್ಟು ಮನೆತನಗಳು ಲೆಕ್ಕಕ್ಕೆ ಸೇರಿದ ಮೇಲೆ ಅದು ಇಳಿದಿದೆ.

ಜಠರದ ಕ್ಯಾನ್ಸರಿನಲ್ಲಿ ನೇರವಾಗಿ ವಂಶದಿಂದ ಬರುವುದು ನೂರಕ್ಕೆ ಒಂದರಿಂದ ಮೂರು ಪಾಲಷ್ಟೇ. ಉಳಿದದ್ದರಲ್ಲಿ ದೊಡ್ಡ ಪಾಲು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದ್ದು. ಇವೆರಡೂ ಬೇರೆ ಬೇರೆ ಕಥೆಯೂ ಅಲ್ಲ. 2023ರಲ್ಲಿ ಜಪಾನಿನ ಸಂಶೋಧಕರು ಲೆಕ್ಕಹಾಕಿದಂತೆ, ಈ ಬ್ಯಾಕ್ಟೀರಿಯಾ ಮಾತ್ರ ಇದ್ದವರಲ್ಲಿ 85 ವಯಸ್ಸಿನೊಳಗೆ ರೋಗ ಬರುವ ಸಂಭವ ನೂರಕ್ಕೆ ಸುಮಾರು 14. ಅದರ ಜೊತೆಗೆ, ಮುರಿದ ಡಿಎನ್‌ಎಯನ್ನು ಹೊಲಿಯುವ ವಂಶವಾಹಿಗಳೂ ಹುಟ್ಟಿನಿಂದ ಕೆಟ್ಟಿದ್ದರೆ ಸುಮಾರು 45. ವಂಶವಾಹಿಯನ್ನು ಬದಲಿಸಲಾಗದು, ಬ್ಯಾಕ್ಟೀರಿಯಾವನ್ನು ಮಾತ್ರೆಯಿಂದ ಓಡಿಸಬಹುದು.

ನಿಮ್ಮ ಮನೆಯಲ್ಲಿ ಅಜ್ಜ, ದೊಡ್ಡಪ್ಪ, ಸೋದರತ್ತೆ ಯಾರಾದರೂ ಹೊಟ್ಟೆಯಲ್ಲಿ ಗಡ್ಡೆಯಾಗಿ ಹೋಗಿದ್ದರೆ, ಯಾವ ವಯಸ್ಸಿಗೆ ಎಂದು ಹಿರಿಯರನ್ನು ಕೇಳಿ ಬರೆದಿಡಿ. ಒಬ್ಬರಿಗಿಂತ ಹೆಚ್ಚು ಹೆಸರು ಬಂದರೆ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ.