ಗುಜರಿ ಟರ್ಬೊದೊಳಗಿನ ಜೆಟ್ ಎಂಜಿನ್

ಭದ್ರಾ ನಾಲೆಯ ನೀರಿಗೆ ಬೆಳೆದ ಭತ್ತ ಕಟಾವಿಗೆ ಬಂತೆಂದರೆ ನಮ್ಮ ತ್ಯಾವಣಿಗೆ ಸುತ್ತಿನ ಗದ್ದೆಗಳಿಗೆ ದೊಡ್ಡ ಯಂತ್ರಗಳು ಇಳಿಯುತ್ತವೆ. ಅವುಗಳ ಸದ್ದನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಡೀಸೆಲ್ ಎಂಜಿನ್ನಿನ ಗುಡುಗಿನ ಮೇಲೆ ತೆಳ್ಳಗೆ ಒಂದು ಶಿಳ್ಳೆ ಕೇಳಿಸುತ್ತದೆ. ಎಂಜಿನ್ನಿನ ಮೇಲೆ ಹೊರೆ ಬಿದ್ದಷ್ಟೂ ಆ ಶಿಳ್ಳೆ ಏರುತ್ತದೆ. ಅದೇ ಟರ್ಬೊ. ಬೋರ್‌ವೆಲ್ ಲಾರಿಯಲ್ಲಿ, ಮರಳು ಹೊರುವ ಟಿಪ್ಪರಿನಲ್ಲಿ, ದಾವಣಗೆರೆ ಕಡೆ ಓಡುವ ಬಸ್ಸಿನಲ್ಲಿ ಇರುವುದೂ ಅದೇ. ಈ ವಿಡಿಯೋದಲ್ಲಿ ಹೇಳಹೊರಟಿರುವುದು ಅದರೊಳಗಿನ ಎರಡು ಚಕ್ರಗಳ ಕಥೆಯನ್ನು.

ಟರ್ಬೊ ಬಿಚ್ಚಿದರೆ ಸಿಗುವುದು ಒಂದು ಶಾಫ್ಟು, ಅದರ ಎರಡು ತುದಿಗೆ ಎರಡು ಚಕ್ರ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದು ಟರ್ಬೈನ್. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಅದು ಕಂಪ್ರೆಸರ್. ನಿಮಿಷಕ್ಕೆ ಒಂದು ಲಕ್ಷ ಸುತ್ತು ಈ ಶಾಫ್ಟಿಗೆ ಮಾಮೂಲಿ. ಈಗ ನಡುವಿನ ಡೀಸೆಲ್ ಎಂಜಿನ್ನನ್ನು ತೆಗೆದು ಪಕ್ಕಕ್ಕಿಡಿ. ಕಂಪ್ರೆಸರಿನಿಂದ ಬಂದ ಗಾಳಿಯನ್ನು ಒಂದು ಉಕ್ಕಿನ ಕೊಳವೆಗೆ ಬಿಟ್ಟು, ಅಲ್ಲಿ ಇಂಧನ ಉರಿಸಿ, ಆ ಬಿಸಿ ಗಾಳಿಯನ್ನು ನೇರವಾಗಿ ಟರ್ಬೈನಿಗೆ ಕೊಡಿ. ಅದು ಗ್ಯಾಸ್ ಟರ್ಬೈನ್ ಆಯಿತು. ಹಿಂದೆ ಒಂದು ಕಿರಿದಾದ ಬಾಯಿ ಕೂರಿಸಿದರೆ ಜೆಟ್ ಎಂಜಿನ್. ಗುಜರಿಯಿಂದ ತಂದ ಟರ್ಬೊದಿಂದ ಜಗತ್ತಿನ ಎಷ್ಟೋ ಮನೆ ಶೆಡ್ಡುಗಳಲ್ಲಿ ಹವ್ಯಾಸಿಗಳು ಮಾಡುತ್ತಿರುವುದು ಇದನ್ನೇ.

ಲಾರಿಯ ಸಾಮಾನಿನಿಂದ ವಿಮಾನದ ಎಂಜಿನ್ ಮಾಡುವ ವಿಚಿತ್ರ ಕಸರತ್ತು ಇದು ಎಂದು ಅನೇಕರು ತಿಳಿಯುತ್ತಾರೆ. ಇತಿಹಾಸ ಓದಿದರೆ ಟರ್ಬೊ ತನ್ನ ತವರಿಗೆ ಮರಳುತ್ತಿದೆ ಅನ್ನಿಸುತ್ತದೆ.

ಗ್ಯಾಸ್ ಟರ್ಬೈನಿನ ಕಲ್ಪನೆಗೆ ಇಂಗ್ಲೆಂಡಿನ ಜಾನ್ ಬಾರ್ಬರ್ 1791ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅದು ತನ್ನ ಬಲದಿಂದ ತಾನೇ ತಿರುಗಿ, ಮೇಲೆ ಒಂದಿಷ್ಟು ಶಕ್ತಿ ಉಳಿಸಿಕೊಟ್ಟಿದ್ದು 1903ರಲ್ಲಿ, ನಾರ್ವೆಯ ಎಗಿಡಿಯುಸ್ ಎಲ್ಲಿಂಗ್ ಕೈಯಲ್ಲಿ. ಉಳಿದ ಶಕ್ತಿ ಬರೀ 11 ಅಶ್ವಶಕ್ತಿ. ನೂರು ವರ್ಷಕ್ಕೂ ಮಿಕ್ಕಿ ಕಾಯಬೇಕಾಗಿ ಬಂದದ್ದರ ಕಾರಣ ಲೆಕ್ಕದಲ್ಲಿದೆ. ಟರ್ಬೈನ್ ಗಳಿಸಿದ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟನ್ನು ಕಂಪ್ರೆಸರೇ ನುಂಗುತ್ತದೆ. ಎರಡೂ ಚಕ್ರಗಳ ರೆಕ್ಕೆ ಸ್ವಲ್ಪ ಒರಟಾದರೆ, ಸಂದಿಯಲ್ಲಿ ಗಾಳಿ ಸ್ವಲ್ಪ ಸೋರಿದರೆ ಉಳಿಕೆ ಸೊನ್ನೆ.

ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಈ ಲೆಕ್ಕಕ್ಕೆ ಸೋತವರಲ್ಲಿ ಒಬ್ಬರು. 1903ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗ್ಯಾಸ್ ಟರ್ಬೈನಿನ ಮೇಲೆಯೇ ಡಾಕ್ಟರೇಟ್ ಪಡೆದು, ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿ, ಅಲ್ಲೂ ಅದನ್ನೇ ಹಿಡಿದರು. ಇಂಧನ ಕುಡಿಯುವುದು ವಿಪರೀತ, ಸಿಗುವ ಶಕ್ತಿ ಅಲ್ಪ. 1907ರಲ್ಲಿ ಕಂಪನಿ ಆ ಕೆಲಸವನ್ನು ನಿಲ್ಲಿಸಿತು. ಇತ್ತ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ, ಎಂಜಿನ್ನಿನಿಂದ ಪೋಲಾಗುವ ಹೊಗೆಯಿಂದಲೇ ಟರ್ಬೈನ್ ತಿರುಗಿಸಿ ಗಾಳಿ ಒತ್ತಬಹುದೆಂದು ಪೇಟೆಂಟ್ ಪಡೆದಿದ್ದರು. ಮೊದಲ ಮಹಾಯುದ್ಧದಲ್ಲಿ ವಿಮಾನಗಳು ಎತ್ತರದ ತೆಳು ಗಾಳಿಯಲ್ಲಿ ಉಸಿರುಗಟ್ಟತೊಡಗಿದಾಗ ಮಾಸ್‌ಗೆ ಕರೆ ಬಂತು, ಅದೂ ಅವರ ಕಾರ್ನೆಲ್ ಗುರು ವಿಲಿಯಂ ಡ್ಯುರಂಡ್ ಅವರಿಂದ. ಕೈಬಿಟ್ಟಿದ್ದ ವಿದ್ಯೆಯಿಂದಲೇ ಮಾಸ್ ಟರ್ಬೊ ಕಟ್ಟಿದರು. 1918ರಲ್ಲಿ ಅದನ್ನು ಲಿಬರ್ಟಿ ಎಂಜಿನ್ನಿಗೆ ಜೋಡಿಸಿ, ಸುಮಾರು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಲಾರಿಯಲ್ಲಿ ಹೊತ್ತೊಯ್ದರು. ತಗ್ಗಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಬೆಟ್ಟದ ಮೇಲೆ 230ಕ್ಕೆ ಕುಸಿದಿತ್ತು. ಟರ್ಬೊ ಹಾಕಿದ ಮೇಲೆ 356 ಕೊಟ್ಟಿತು.

ಜೆಟ್ ಎಂಜಿನ್ ಮೊದಲು ರೂಪ ತಳೆದದ್ದರಲ್ಲಿ ಗ್ಯಾರೇಜಿನ ಪಾಲೂ ಇದೆ. ಇದು ನನಗೆ ಬಹಳ ಇಷ್ಟವಾದ ಭಾಗ. ಜರ್ಮನಿಯ ಗಾಟಿಂಗನ್ ಊರಿನಲ್ಲಿ ಭೌತವಿಜ್ಞಾನ ಓದುತ್ತಿದ್ದ ಹಾನ್ಸ್ ಫಾನ್ ಓಹೈನ್ ತನ್ನ ಕಾರನ್ನು ರಿಪೇರಿಗೆ ಬಿಡುತ್ತಿದ್ದ ಗ್ಯಾರೇಜಿನಲ್ಲಿ ಮ್ಯಾಕ್ಸ್ ಹಾನ್ ಎಂಬ ಮೆಕ್ಯಾನಿಕ್ ಇದ್ದರು. ಓಹೈನ್ ಕೊಟ್ಟ ನಕ್ಷೆಯನ್ನು ನೋಡಿ, ಹೀಗಲ್ಲ ಹೀಗೆ ಮಾಡಿದರೆ ಸುಲಭ ಎಂದು ತಿದ್ದಿ, 1930ರ ದಶಕದ ನಡುವೆ ಮೊದಲ ಮಾದರಿಯನ್ನು ಕಟ್ಟಿಕೊಟ್ಟವರು ಅವರು. ಆ ಮಾದರಿ ತನ್ನಷ್ಟಕ್ಕೆ ಓಡಲಿಲ್ಲ. ಬೆಂಕಿ ಉರಿಯಬೇಕಾದ ಕೋಣೆಯಲ್ಲಿ ನಿಲ್ಲದೆ ಟರ್ಬೈನ್ ದಾಟಿ ಹಿಂದಿನಿಂದ ನಾಲಿಗೆ ಚಾಚಿತು. ಮುಂದೆ ಹೈಂಕೆಲ್ ಕಂಪನಿ ಸೇರಿದಾಗ ಓಹೈನ್ ಹಾನ್ ಅವರನ್ನೂ ಕರೆದೊಯ್ದರು. 1937ರಲ್ಲಿ ಅವರು ಹೈಡ್ರೋಜನ್ ಅನಿಲದಿಂದ ಎಂಜಿನ್ ತಿರುಗಿಸಿ ತೋರಿಸಿದರು. ಅನಿಲ ಕ್ಷಣಾರ್ಧದಲ್ಲಿ ಗಾಳಿಯೊಂದಿಗೆ ಬೆರೆತು ಉರಿಯುತ್ತದೆ, ದ್ರವ ಇಂಧನದ ತೊಂದರೆಯನ್ನು ಆಮೇಲೆ ನೋಡಿಕೊಂಡರಾಯಿತು ಎಂಬ ಜಾಣತನ ಅದರಲ್ಲಿತ್ತು. 1939ರ ಆಗಸ್ಟ್ 27ರಂದು ಅವರ ಎಂಜಿನ್ ಹೊತ್ತ ಹೈಂಕೆಲ್ 178 ಹಾರಿತು. ಜಗತ್ತಿನ ಮೊದಲ ಟರ್ಬೊಜೆಟ್ ವಿಮಾನ ಅದು.

ಇಂಗ್ಲೆಂಡಿನ ಫ್ರಾಂಕ್ ವಿಟ್ಲ್ ದ್ರವ ಇಂಧನದ ಜೊತೆಗೇ ಗುದ್ದಾಡಿದರು. 1937ರ ಏಪ್ರಿಲ್ 12ರಂದು ಮೊದಲ ಸಲ ಚಾಲೂ ಮಾಡಿದ ಕೆಲ ಹೊತ್ತಿಗೆ ಎಂಜಿನ್ ಹಿಡಿತ ತಪ್ಪಿ ಏರತೊಡಗಿತು, ವಾಲ್ವ್ ಮುಚ್ಚಿದರೂ ನಿಲ್ಲಲಿಲ್ಲ. ಸೋರಿದ ಇಂಧನ ಒಳಗೆ ಮಡುಗಟ್ಟಿ, ಅದು ತೀರುವವರೆಗೂ ಉರಿಯುತ್ತಿತ್ತು. 1941ರಲ್ಲಿ ವಿಟ್ಲ್ ಎಂಜಿನ್ ಅಮೆರಿಕಕ್ಕೆ ಬಂದಾಗ ಅದನ್ನು ತಯಾರಿಸುವ ಹೊಣೆ ಸಿಕ್ಕಿದ್ದು ಜನರಲ್ ಎಲೆಕ್ಟ್ರಿಕ್‌ಗೆ. ಆ ಹೊತ್ತಿಗೆ ಬಿಸಿ ಹೊಗೆಯಲ್ಲಿ ತಿರುಗುವ ಚಕ್ರಗಳ ಅನುಭವ ಆ ಕಂಪನಿಗೆ ಬಂದಿದ್ದು ಮಾಸ್ ಕಟ್ಟಿದ ಟರ್ಬೊಗಳಿಂದ. ಸೋತ ಗ್ಯಾಸ್ ಟರ್ಬೈನಿನ ವಿದ್ಯೆಯಿಂದ ಮಾಸ್ ಅವರ ಟರ್ಬೊ ಹುಟ್ಟಿತು, ಆ ಟರ್ಬೊದ ಅನುಭವ ಅಮೆರಿಕದಲ್ಲಿ ಜೆಟ್ ಎಂಜಿನ್ ತಯಾರಿಸಲು ನೆರವಾಯಿತು.

ಈ ಚಕ್ರಗಳು ಕರ್ನಾಟಕಕ್ಕೂ ಬಂದವು. 1950ರ ದಶಕದಲ್ಲಿ ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ವ್ಯಾಂಪೈರ್ ಜೆಟ್ ವಿಮಾನಗಳನ್ನು ತಯಾರಿಸಿತು. ಅವುಗಳ ಗಾಬ್ಲಿನ್ ಎಂಜಿನ್ನಿನಲ್ಲಿ ಮುಂದೆ ಒಂದೇ ದೊಡ್ಡ ಕೇಂದ್ರಾಪಗಾಮಿ ಚಕ್ರ, ಅಂದರೆ ಗಾಳಿಯನ್ನು ನಡುವಿನಿಂದ ಎಳೆದು ಅಂಚಿಗೆ ಎಸೆಯುವ ಚಕ್ರ. ಅದರ ಹಿಂದೆ ಸುತ್ತಲೂ 16 ಉರಿಯ ಡಬ್ಬಿಗಳು. ನಿಮ್ಮ ಟ್ರ್ಯಾಕ್ಟರಿನ ಟರ್ಬೊ ಚಕ್ರದ ಆಕಾರವೂ ಅದೇ. 1959ರಲ್ಲಿ ಕಾನ್ಪುರದಲ್ಲಿ ಶುರುವಾಗಿ 1961ರಲ್ಲಿ ಬೆಂಗಳೂರಿಗೆ ಬಂದ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ಅಂದರೆ ಜಿಟಿಆರ್‌ಇ, ಆರಂಭದ ದಿನಗಳಲ್ಲಿ ಕೈಗೆತ್ತಿಕೊಂಡದ್ದೂ ಇದೇ ಜಾತಿಯ 1,000 ಕಿಲೋ ನೂಕುಬಲದ ಎಂಜಿನ್.

ಆಮೇಲಿನ ದಾರಿ ಕಡಿದಾಗಿತ್ತು. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಹಾರಿದ ಮರುತ್ ಯುದ್ಧವಿಮಾನದ ವಿನ್ಯಾಸ ಶಬ್ದದ ಎರಡರಷ್ಟು ವೇಗಕ್ಕೆ. ಸಿಕ್ಕಿದ್ದು ತಲಾ ಸುಮಾರು 2,200 ಕಿಲೋ ನೂಕುಬಲದ ಎರಡು ಆರ್ಫಿಯಸ್ ಎಂಜಿನ್, ಅದಕ್ಕೆ ಸಾಲದ ಬಲ. ಜಿಟಿಆರ್‌ಇ ಅದಕ್ಕೆ ಮರುದಹನದ ವ್ಯವಸ್ಥೆ, ಅಂದರೆ ಟರ್ಬೈನ್ ದಾಟಿದ ಗಾಳಿಯಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ವ್ಯವಸ್ಥೆ, ರೂಪಿಸಿತು. ಆ ಎಂಜಿನ್ ಹಾಕಿದ ವಿಮಾನ 1970ರ ಜನವರಿ 10ರಂದು ಪರೀಕ್ಷಾ ಹಾರಾಟದಲ್ಲಿ ಬಿದ್ದು, ಅದನ್ನು ಹಾರಿಸುತ್ತಿದ್ದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ, ಆ ದಾರಿಯಲ್ಲಿ ಹೋಗುವವರು ನೆನೆಯಬೇಕಾದ ಹೆಸರು. ಮುಂದೆ ಬಂದ ಜಿಟಿಆರ್‌ಇಯ ಕಾವೇರಿ ಎಂಜಿನ್ ತೇಜಸ್ ಯುದ್ಧವಿಮಾನಕ್ಕೆ ಬೇಕಾದಷ್ಟು ಬಲ ಕೊಡಲಾಗದೆ ಹಿಂದುಳಿಯಿತು. ಆದರೂ 2010ರಲ್ಲಿ ರಷ್ಯಾದಲ್ಲಿ ದೊಡ್ಡ ವಿಮಾನಕ್ಕೆ ಕಟ್ಟಿ ಹಾರಿಸಿ ಪರೀಕ್ಷಿಸಿದರು. ಕಾಡಿದ್ದು ಬಹುಮಟ್ಟಿಗೆ ಕಾವು ತಡೆಯುವ ಲೋಹ. ಅಂಥ ಕಾವು ತಾಳಲೆಂದು ಒಂದೇ ಹರಳಾಗಿ ಎರಕ ಹೊಯ್ದ ಟರ್ಬೈನ್ ರೆಕ್ಕೆಗಳನ್ನು ಆಮೇಲೆ ನಮ್ಮವರೇ ಮಾಡಿದರು. 2021ರಲ್ಲಿ ಹೈದರಾಬಾದಿನ ಪ್ರಯೋಗಾಲಯ ಎಚ್‌ಎಎಲ್‌ಗೆ ಅಂಥ 60 ರೆಕ್ಕೆ ಕೊಟ್ಟಿತು.

ಇದನ್ನೆಲ್ಲ ತಿಳಿದ ಮೇಲೆ ಗುಜರಿ ಟರ್ಬೊದ ಬೆಲೆ ಬೇರೆಯಾಗಿ ಕಾಣುತ್ತದೆ. ಎಲ್ಲಿಂಗ್, ಮಾಸ್ ಇವರನ್ನು ಕಾಡಿದ ಚಕ್ರಗಳು, ಸಮತೋಲ, ಎಣ್ಣೆಯ ಪದರದ ಮೇಲೆ ತೇಲುವ ಬೇರಿಂಗ್, ಕಾವು ತಡೆಯುವ ನಿಕ್ಕಲ್ ಮಿಶ್ರಲೋಹ, ಎಲ್ಲವೂ ಅದರಲ್ಲಿ ಸಿದ್ಧವಾಗಿವೆ. ಕಟ್ಟುವವನಿಗೆ ಉಳಿಯುವುದು ಬೆಂಕಿ. ಜರ್ಮನಿಯ ಹವ್ಯಾಸಿ ಕುರ್ಟ್ ಶ್ರೆಕ್ಲಿಂಗ್ ಮಾಡೆಲ್ ವಿಮಾನಕ್ಕಾಗಿ ಪ್ಲೈವುಡ್‌ನಿಂದಲೇ ಕಂಪ್ರೆಸರ್ ಚಕ್ರ ಮಾಡಿ ಜೆಟ್ ಎಂಜಿನ್ ಓಡಿಸಿದ್ದರು. ಆಮೇಲೆ ಹವ್ಯಾಸಿಗಳಲ್ಲಿ ಹೆಸರಾದ ಕೆಜೆ-66 ವಿನ್ಯಾಸ ಟರ್ಬೊದ 66 ಮಿಲಿಮೀಟರ್ ಕಂಪ್ರೆಸರ್ ಚಕ್ರವನ್ನೇ ಬಳಸಿತು.

ಬೆಂಕಿಯ ಕೊಳವೆಗೆ ಹವ್ಯಾಸಿಗಳ ರೂಢಿಯ ಲೆಕ್ಕ ಹೀಗಿದೆ. ಗಾಳಿ ಎಳೆಯುವ ಬಾಯಿ 50 ಮಿಲಿಮೀಟರ್ ಇದ್ದರೆ ಒಳಗಿನ ಉರಿಯುವ ಕೊಳವೆ 100 ಮಿಲಿಮೀಟರ್ ಅಗಲ, 300 ಮಿಲಿಮೀಟರ್ ಉದ್ದ. ಆ ಕೊಳವೆಯ ಎಲ್ಲ ತೂತುಗಳ ಒಟ್ಟು ವಿಸ್ತೀರ್ಣ ಬಾಯಿಯ ವಿಸ್ತೀರ್ಣದಷ್ಟು. ಅದರಲ್ಲಿ ನೂರಕ್ಕೆ ಸುಮಾರು 30 ಪಾಲು ಜ್ವಾಲೆ ಹಿಡಿಯಲು, 20 ಪಾಲು ಉಳಿದ ಇಂಧನ ಸುಡಲು, 50 ಪಾಲು ತಂಪು ಬೆರೆಸಲು. 2,000 ಡಿಗ್ರಿ ಸಮೀಪ ಉರಿಯುವ ಜ್ವಾಲೆಯನ್ನು ಚಕ್ರ ತಾಳಬಲ್ಲ 700ರ ಆಸುಪಾಸಿಗೆ ಇಳಿಸುವುದು ಆ ಕೊನೆಯ ಗಾಳಿಯೇ. ಓಹೈನ್ ಹಾದಿಯಲ್ಲೇ ಇವರೂ ಅನಿಲದಿಂದ ಶುರು ಮಾಡುತ್ತಾರೆ. ಬ್ಲೋವರಿನಿಂದ ಚಕ್ರ ತಿರುಗಿಸಿ, ಸ್ಪಾರ್ಕ್ ಪ್ಲಗ್ಗಿನಿಂದ ಹೊತ್ತಿಸಿ, ಅದು ತಾನೇ ತಿರುಗತೊಡಗಿದ ಮೇಲೆ ಬ್ಲೋವರ್ ತೆಗೆಯುತ್ತಾರೆ.

ನೋಡುತ್ತಿರುವ ಹುಡುಗರೇ, ಹುಡುಗಿಯರೇ, ಆಸೆಯಾದರೆ ಎಣ್ಣೆಯಿಂದ ಶುರು ಮಾಡಿ. ಬೇರಿಂಗಿಗೆ ಒತ್ತಡದಲ್ಲಿ ಎಣ್ಣೆ ಬರುವ ಮೊದಲು ಚಕ್ರ ತಿರುಗಿಸಬೇಡಿ, ಬೆಂಕಿ ಆರಿದ ಮೇಲೂ ಶಾಫ್ಟು ತಣಿಯುವವರೆಗೆ ಎಣ್ಣೆ ಹರಿಯಲಿ. ಮನೆಯ ಅಡುಗೆ ಸಿಲಿಂಡರನ್ನು ಇದಕ್ಕೆ ಬಳಸುವುದು ಅಪಾಯ, ಕಾನೂನಿಗೂ ವಿರುದ್ಧ. ಅನಿಲವನ್ನು ತಟ್ಟನೆ ಮುಚ್ಚಬಲ್ಲ ವಾಲ್ವ್ ದೂರದಿಂದ ಕೈಗೆಟುಕಬೇಕು. ಲಕ್ಷ ಸುತ್ತಿನಲ್ಲಿ ಒಡೆದ ಚಕ್ರದ ಚೂರುಗಳು ಅದು ತಿರುಗುವ ನೇರಕ್ಕೆ, ಅಡ್ಡಲಾಗಿ ಸಿಡಿಯುತ್ತವೆ, ಆ ನೇರದಲ್ಲಿ ಯಾರೂ ನಿಲ್ಲಬಾರದು. ನುರಿತ ಮೆಕ್ಯಾನಿಕ್ ಒಬ್ಬರು ಪಕ್ಕದಲ್ಲಿರಲಿ. ಓಹೈನ್‌ಗೆ ಹಾನ್ ಇದ್ದರು.