ನಾಲ್ಕನೆಯ ಪೀಠದ ಬಾಡಿಗೆದಾರರು

ಈ ಸಭಾಂಗಣದಲ್ಲಿ ಎಣ್ಣೆದೀಪ ಹಚ್ಚಿದರೆ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತದಂತೆ. ಹಾಗಾಗಿ ಬ್ಯಾಟರಿ ದೀಪದ ಗುಂಡಿ ಒತ್ತಿಯೇ ಈ ಚಿತ್ರಪ್ರದರ್ಶನದ ಉದ್ಘಾಟನೆ ಮುಗಿಸಿದ್ದೇನೆ. ಟ್ರಫಾಲ್ಗರ್ ಚೌಕದ ನಾಲ್ಕನೆಯ ಪೀಠವನ್ನು ನಮ್ಮ ಲಂಡನ್ ಕನ್ನಡಿಗರು ವರ್ಷಗಟ್ಟಲೆ ಕ್ಯಾಮೆರಾದಲ್ಲಿ ಹಿಡಿದಿದ್ದಾರೆ. ಅರ್ಧ ಚಿತ್ರಗಳಲ್ಲಿ ಊರಿಂದ ಬಂದ ಅತ್ತೆ-ಮಾವಂದಿರೂ ಸ್ವೆಟರ್ ಹಾಕಿಕೊಂಡು ನಿಂತಿದ್ದಾರೆ. ಅವರನ್ನು ಕತ್ತರಿಸದೆ ಬಿಟ್ಟದ್ದು ಒಳ್ಳೆಯದಾಯಿತು.

ಈ ಪೀಠದ ಕಥೆ ಶುರುವಾಗುವುದು ದುಡ್ಡಿನ ತಾಪತ್ರಯದಿಂದ. ಚಾರ್ಲ್ಸ್ ಬ್ಯಾರಿಯ ನಕ್ಷೆಯಂತೆ 1841ರಲ್ಲಿ ಕಟ್ಟಿದರು. ಮೇಲೆ ನಾಲ್ಕನೆಯ ವಿಲಿಯಂ ದೊರೆ ಕುದುರೆಯೇರಿ ಕೂರಬೇಕಿತ್ತು. ಹಣ ಸಾಲಲಿಲ್ಲ. ದೊರೆಯೂ ಬರಲಿಲ್ಲ, ಕುದುರೆಯೂ ಬರಲಿಲ್ಲ. ನೂರೈವತ್ತಕ್ಕೂ ಹೆಚ್ಚು ವರ್ಷ ಬೋಳು ಕಲ್ಲು. 1999ರಲ್ಲಿ ಮಾರ್ಕ್ ವಾಲಿಂಜರ್ ಅವರ ಕ್ರಿಸ್ತ ಅಲ್ಲಿಗೆ ಬಂದ. ಆಳೆತ್ತರದವನು, ಅಷ್ಟು ದೊಡ್ಡ ಪೀಠದ ಅಂಚಿನಲ್ಲಿ, ಕೈಗಳನ್ನು ಹಿಂದಕ್ಕೆ ಕಟ್ಟಿಸಿಕೊಂಡು ನಿಂತಿದ್ದ. ಆಮೇಲೆ ಒಬ್ಬರು ಇಳಿಯುವುದು, ಇನ್ನೊಬ್ಬರು ಏರುವುದು ನಡೆದೇ ಇದೆ. ಈಗ ಹೆಚ್ಚುಕಡಿಮೆ ಎರಡು ವರ್ಷದ ವಾಯಿದೆ.

ಏರಿದವರೆಲ್ಲ ನನಗೆ ಹಿಡಿಸಿದರು ಎನ್ನಲಾರೆ. 2016ರ ಡೇವಿಡ್ ಶ್ರಿಗ್ಲಿಯವರ ಉದ್ದುದ್ದ ಹೆಬ್ಬೆರಳು ಒಂದು ಸಲ ನಗಿಸಿತು, ಎರಡನೆಯ ಸಲ ನಗಿಸಲಿಲ್ಲ. 2018ರ ಮೈಕೆಲ್ ರಾಕೋವಿಟ್ಜ್ ಅವರದು ಮಾತ್ರ ಬೇರೆಯೇ ತೂಕ. ಇರಾಕಿನ ನಿನೆವೆಯ ಹೆಬ್ಬಾಗಿಲು ಕಾಯುತ್ತಿದ್ದ, ಮನುಷ್ಯಮುಖದ ರೆಕ್ಕೆಯ ಗೂಳಿಯನ್ನು 2015ರಲ್ಲಿ ಐಸಿಸ್‌ನವರು ಒಡೆದುಹಾಕಿದರು. ಅದನ್ನೇ ಇವರು ಖರ್ಜೂರದ ಪಾಕದ 10,500 ಖಾಲಿ ಡಬ್ಬಗಳಿಂದ ಮತ್ತೆ ಕಟ್ಟಿದರು. ದೂರಕ್ಕೆ ಬಣ್ಣದ ಗರಿಗಳಂತೆ ಕಾಣುತ್ತಿತ್ತು. ಹತ್ತಿರ ಹೋಗಿ ಕತ್ತೆತ್ತಿದರೆ ತಗಡು, ಅದರ ಮೇಲೆ ಅಚ್ಚಾದ ಬರಹ. ನಮ್ಮೂರಲ್ಲಿ ಎಣ್ಣೆ ಡಬ್ಬ ಬಿಚ್ಚಿ ಬಡಿದು ಬಚ್ಚಲ ಬಾಗಿಲಿಗೆ ಹೊಡೆಯುತ್ತಿದ್ದರು. ಅದನ್ನು ನೋಡಿ ಬೆಳೆದವಳಿಗೆ ಈ ಗೂಳಿ ಪರಕೀಯ ಅನ್ನಿಸಲೇ ಇಲ್ಲ.

ಆದರೆ ನಾನು ಹೇಳಬೇಕೆಂದು ಬಂದದ್ದು ಉಳಿದ ಮೂರು ಪೀಠಗಳ ವಿಷಯ. ಒಂದರ ಮೇಲೆ ನಾಲ್ಕನೆಯ ಜಾರ್ಜ್. ಇನ್ನೊಂದರ ಮೇಲೆ ಸಿಂಧ್ ಗೆದ್ದ ನೇಪಿಯರ್. ಮತ್ತೊಂದರ ಮೇಲೆ, 1857ರಲ್ಲಿ ಕಾನ್ಪುರ, ಲಖನೌಗಳಿಗೆ ದಂಡು ನಡೆಸಿದ ಹ್ಯಾವ್‌ಲಾಕ್. ಹಲಗಲಿ ಬೇಡರ ಲಾವಣಿ ಕೇಳಿ ಬೆಳೆದ ನಾನು ಎಷ್ಟೋ ಮಧ್ಯಾಹ್ನ ಈ ಹ್ಯಾವ್‌ಲಾಕನ ಬುಡದಲ್ಲಿ ಕೂತು ಬುತ್ತಿಯ ಚಿತ್ರಾನ್ನ ತಿಂದಿದ್ದೇನೆ. ಒಂದು ದಿನವೂ ತಲೆಯೆತ್ತಿ ಹೆಸರು ಓದಿರಲಿಲ್ಲ.

ಓದಿಸಿದ್ದು 2022ರಲ್ಲಿ ಬಂದ ಸ್ಯಾಮ್ಸನ್ ಕಂಬಾಲು ಅವರ ಶಿಲ್ಪ. ಅದರಲ್ಲಿರುವವರು ಇಂದಿನ ಮಲಾವಿಯ ಪಾದ್ರಿ ಜಾನ್ ಚಿಲೆಂಬ್ವೆ. ಬಿಳಿಯರೆದುರು ಆಫ್ರಿಕದವರು ಟೋಪಿ ಹಾಕುವಂತಿರಲಿಲ್ಲ. 1914ರ ಒಂದು ಫೋಟೊದಲ್ಲಿ ಬಿಳಿಯ ಮಿಷನರಿಯ ಪಕ್ಕ ಇವರು ಟೋಪಿ ಹಾಕಿಯೇ ನಿಂತರು. ಮರುವರ್ಷ ಬ್ರಿಟಿಷರ ವಿರುದ್ಧ ದಂಗೆಯೆದ್ದು ಗುಂಡಿಗೆ ಬಲಿಯಾದರು. ಶಿಲ್ಪದಲ್ಲಿ ಆ ಮಿಷನರಿ ಇವರ ಪಕ್ಕ ಗುಜ್ಜಾರಿ. ಅಗಲ ಅಂಚಿನ ಆ ಟೋಪಿಯನ್ನೇ ನೋಡುತ್ತ ನಿಂತವಳಿಗೆ, ಈ ಚೌಕದಲ್ಲಿ ಇನ್ನು ಯಾರ್ಯಾರಿದ್ದಾರೆ ಅನ್ನಿಸಿತು. ಹ್ಯಾವ್‌ಲಾಕನ ಹೆಸರು ಓದಿಕೊಂಡು ಮನೆಗೆ ಬಂದು ಪುಸ್ತಕ ತೆರೆದೆ. ಆತ ಲಖನೌದಲ್ಲಿ ಆಮಶಂಕೆಯಿಂದ ಸತ್ತದ್ದು 1857ರ ನವೆಂಬರಿನಲ್ಲಿ. ಹಲಗಲಿಯ ಮೇಲೆ ಕಂಪನಿಯ ದಂಡು ಬಿದ್ದದ್ದೂ ಅದೇ ತಿಂಗಳ ಕೊನೆಗೆ.

ನೇಪಿಯರ್, ಹ್ಯಾವ್‌ಲಾಕ್ ಎಂಬ ಈ ಇಬ್ಬರು ಜನರಲ್‌ಗಳು ಯಾರೆಂದೇ ತನಗೆ ಗೊತ್ತಿಲ್ಲ, ತೆಗೆಯೋಣ ಎಂದು 2000ದಲ್ಲಿ ಆಗಿನ ಮೇಯರ್ ಕೆನ್ ಲಿವಿಂಗ್‌ಸ್ಟನ್ ಅಂದಾಗ ಗದ್ದಲವೆದ್ದಿತ್ತು. ತೆಗೆಯುವುದು ನನಗೆ ಬೇಡ. ಎದುರಿಗೆ ಬದಲಾಗುವವರೊಬ್ಬರು ಇರಲಿ, ಕದಲದವರ ಗುರುತು ಹತ್ತುವುದು ಆಗಲೇ. ಅಂದ ಹಾಗೆ, ಥೇಮ್ಸ್ ದಂಡೆಯಲ್ಲಿ 2015ರಿಂದ ನಮ್ಮ ಬಸವಣ್ಣನವರ ಪುತ್ಥಳಿಯೂ ಇದೆ. ಸ್ಥಾವರವನ್ನು ಅಷ್ಟಾಗಿ ನೆಚ್ಚದವರನ್ನು ನಾವೇ ಸ್ಥಾವರ ಮಾಡಿ ನಿಲ್ಲಿಸಿದ್ದೇವೆ. ಜಯಂತಿಯ ದಿನ ಬಿಟ್ಟು ಅತ್ತ ಹೋದವರು ಕೈಯೆತ್ತಿ ಎಂದು ಕೇಳಿ ನಿಮ್ಮನ್ನು ಮುಜುಗರಕ್ಕೆ ಸಿಕ್ಕಿಸುವುದಿಲ್ಲ. ನನ್ನ ಕೈಯೂ ಮೇಲೇಳುವುದಿಲ್ಲ.

ಕೊನೆಯ ಗೋಡೆಯಲ್ಲಿ ಮೆಕ್ಸಿಕೋದ ತೆರೇಸಾ ಮಾರ್ಗೋಯೆಸ್ ಅವರ 2024ರ ಕೃತಿಯಿದೆ. ಟ್ರಾನ್ಸ್ ಮತ್ತು ನಾನ್‌ಬೈನರಿ ಸಮುದಾಯದ 726 ಮಂದಿಯ ಮುಖದ ಅಚ್ಚುಗಳು, ಪ್ಲಾಸ್ಟರಿನವು, ಲಂಡನ್ನಿನ ಮಳೆಗೆ ಸವೆಯಲೆಂದೇ ಬಯಲಿಗಿಟ್ಟವು. ಮೊದಲ ವಾರದ ಚಿತ್ರವನ್ನೂ ಬಹಳ ತಿಂಗಳ ನಂತರದ್ದನ್ನೂ ಅಕ್ಕಪಕ್ಕ ತೂಗುಹಾಕಿದ್ದಾರೆ. ಮೊದಲನೆಯದರಲ್ಲಿ ಒಂದು ಮುಖ ಆರಿಸಿಕೊಂಡು ಎರಡನೆಯದರಲ್ಲಿ ಅದನ್ನೇ ಹುಡುಕಿ. ಚಹಾ, ಚಕ್ಕುಲಿ ಆಮೇಲೆ.