ಹುಡುಗರ ಕೈಗೆ ಕೆಲಸ ಕೊಡುವ ಮುನ್ನ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್.ಎಸ್.ಎಲ್.ಸಿ. ತನಕ ಓದಿದವರು. ಭಾಷಣ ಮಾಡಿ ಅಭ್ಯಾಸವಿಲ್ಲ. ಹಾಲಿನ ದರ, ಬೋನಸ್ಸು, ಹಿಂಡಿ ಬೂಸಾ ವಿಚಾರವನ್ನು ಹಿರಿಯರು ಆಗಲೇ ಹೇಳಿದ್ದಾರೆ. ನಮಗೆ ಕೊಟ್ಟಿರುವ ಹತ್ತು ನಿಮಿಷದಲ್ಲಿ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇವೆ. ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳಬೇಕು.

ನಾಲ್ಕು ವರ್ಷದ ಹಿಂದೆ, ಮಳೆಗಾಲದ ಒಂದು ಸಂಜೆ. ಅಣ್ಣನ ಮಗ ಆಗಷ್ಟೇ ಎಸ್.ಎಸ್.ಎಲ್.ಸಿ. ಪಾಸಾಗಿದ್ದ. ಹದಿನಾರು ವರ್ಷ. ಡೈರಿಗೆ ಹೊತ್ತಾಯಿತು ಅಂತ ನಾವು ಹಾಲು ಕರೆಯಲು ಕೂತೆವು. ಮೇವು ಕತ್ತರಿಸುವ ಮಿಷನ್ನಿಗೆ ಸೀಮೆಹುಲ್ಲು ಕೊಡೋ ಅಂತ ಅವನಿಗೆ ಹೇಳಿದವರು ನಾವೇ. ಎರಡು ದಿನದ ಹಿಂದೆ ಬ್ಲೇಡು ಸಾಣೆ ಹಿಡಿಸಿ, ಬಿಚ್ಚಿದ ತಗಡಿನ ಮುಚ್ಚಳ ತಿರುಗಿ ಹಾಕದೆ ಗೋಡೆಗೆ ಒರಗಿಸಿಟ್ಟವರೂ ನಾವೇ. ಹುಲ್ಲು ಒದ್ದೆಯಾಗಿತ್ತು, ಸಿಕ್ಕಿಕೊಂಡಿತು. ಹುಡುಗ ಕೈಯಲ್ಲಿ ಒತ್ತಿದ. ಮಿಷನ್ನಿನ ಎರಡು ಉರುಳೆಗಳಿಗೆ ಹುಲ್ಲು ಯಾವುದು ಕೈ ಯಾವುದು ಗೊತ್ತಾಗುತ್ತದೆಯೇ? ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ಅವನು ಹೇಳಿದ ಮಾತು ಇದು: “ಚಿಕ್ಕಪ್ಪ, ಹುಲ್ಲು ಸಿಕ್ಕೊಂಡ್ರೆ ಏನ್ ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ. ಕೇಳಿದ್ರೆ, ಇಷ್ಟೂ ಬರಲ್ವಾ ಅಂತ ಬೈತೀರಾ ಅಂದ್ಕೊಂಡು ಸುಮ್ಮನಾದೆ.”

ಬಂಧುಗಳೇ, ಆ ಮಾತು ಇವತ್ತಿಗೂ ನಮ್ಮ ಕಿವಿಯಲ್ಲಿದೆ. ನಾವು ಮಿಷನ್ನು ತೋರಿಸಿದ್ದೆವು, ಕೆಲಸ ಕಲಿಸಿರಲಿಲ್ಲ. ಹದಿನೈದು ಹದಿನಾರರ ಹುಡುಗ ಎತ್ತರದಲ್ಲಿ ನಮ್ಮ ಸಮಕ್ಕೆ ಬಂದಿರುತ್ತಾನೆ. ಅದನ್ನು ನೋಡಿ ನಾವು ಮೋಸ ಹೋಗುತ್ತೇವೆ. ಅವನಿಗೆ ಅನುಭವ ಇರುವುದಿಲ್ಲ. ಗೊತ್ತಿಲ್ಲ ಅನ್ನಲು ಸಂಕೋಚ, ಭಯವಾಗುತ್ತೆ ಅನ್ನಲು ಅವಮಾನ.

ಇದು ನಮ್ಮ ಕೊಟ್ಟಿಗೆಯ ಕಥೆ ಮಾತ್ರ ಅಲ್ಲ. ನಮ್ಮ ತಂದೆಯ ಕಾಲದಲ್ಲಿ ಬನಶಂಕರಿಗೆ ಹೋಗುವುದೆಂದರೆ ಅಮ್ಮನವರ ಗುಡಿಯಲ್ಲಿ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚಿ ಬರುವುದು. ಈಗ ನಮ್ಮ ಹುಡುಗರು ಅಲ್ಲಿಗೆ ಹೋಗುವುದು ಕೆಲಸಕ್ಕೆ. 2021ರಲ್ಲಿ ಮೆಟ್ರೋ ರೈಲು ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ಹೋಗಿಬರುವುದು ಇನ್ನೂ ಸಲೀಸಾಗಿದೆ. ಪರೀಕ್ಷೆ ಮುಗಿದರೆ ಸಾಕು, ಒಬ್ಬ ಗ್ಯಾರೇಜಿಗೆ, ಒಬ್ಬ ಕಟ್ಟಡದ ಕೆಲಸಕ್ಕೆ, ನಾಲ್ಕು ಜನ ಕಲ್ಯಾಣ ಮಂಟಪದಲ್ಲಿ ಬಡಿಸಲಿಕ್ಕೆ. ಕುದಿಯುವ ಸಾಂಬಾರಿನ ಕೊಳಗ ಹೊತ್ತು ಒದ್ದೆ ನೆಲದ ಮೇಲೆ ಓಡಾಡಿ, ನಡುರಾತ್ರಿ ಬರುತ್ತಾರೆ. ಮಗ ದುಡಿಮೆಗೆ ಬಂದ ಅಂತ ನಮಗೆ ಸಂತೋಷ. ಅಲ್ಲಿ ಏನು ಕೆಲಸ, ಯಾರ ಕೈಕೆಳಗೆ ಅಂತ ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಪಕ್ಕದ ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ 2023ರ ಅಕ್ಟೋಬರ್ 7ರಂದು ನಡೆದದ್ದು ನೆನಪಿದೆಯಲ್ಲ? ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು ಅಂದೇ 14 ಮಂದಿ ತೀರಿಕೊಂಡರು. ಆಮೇಲೆ ಆಸ್ಪತ್ರೆಯಲ್ಲಿ ಇನ್ನೂ ಕೆಲವರು ಹೋದರು. ದೀಪಾವಳಿ ಸಮಯದಲ್ಲಿ ನಾಲ್ಕು ಕಾಸು ಸಂಪಾದಿಸೋಣ ಅಂತ ತಮಿಳುನಾಡಿನ ಹಳ್ಳಿಗಳಿಂದ ಬಂದ ಎಳೆಯ ವಯಸ್ಸಿನವರೇ ಅವರಲ್ಲಿ ಹೆಚ್ಚು. ಓದುತ್ತಿದ್ದ ಹುಡುಗರೂ ಇದ್ದರು. ಅವರ ಹೆತ್ತವರೂ ನಮ್ಮ ಹಾಗೆ ರೈತಾಪಿ, ಕೂಲಿ ಜನ.

ಇನ್ನೂ ಹಿಂದಕ್ಕೆ ಹೋದರೆ, ರಾಮನಗರ, ಮಾಗಡಿ ಕಡೆ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಸಣ್ಣ ಮಕ್ಕಳು ಬಿಸಿನೀರಿನ ತೊಟ್ಟಿಗೆ ಕೈಹಾಕಿ ಗೂಡಿನ ಎಳೆ ಹುಡುಕುತ್ತಿದ್ದುದನ್ನು ನಮ್ಮ ಕಡೆಯವರು ಕಂಡಿದ್ದಾರೆ. ಬೆರಳಿನ ಚರ್ಮ ಬೊಬ್ಬೆ ಬಂದು ಸುಲಿಯುತ್ತಿತ್ತು. ಆ ಕಾಲಕ್ಕೆ ಅದು ತಪ್ಪು ಅಂತ ಯಾರಿಗೂ ಅನಿಸುತ್ತಿರಲಿಲ್ಲ. ಇವತ್ತು ನಾವು ಮಾಡುತ್ತಿರುವುದರಲ್ಲೂ ಅಂಥದ್ದು ಇರಬಹುದು.

ಕಾನೂನು ಏನು ಹೇಳುತ್ತದೆ ಅಂತ ತಿಳಿದವರನ್ನು ಕೇಳಿ ಬರೆದುಕೊಂಡು ಬಂದಿದ್ದೇವೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. 14 ವರ್ಷ ತುಂಬದವರನ್ನು ಕೂಲಿಗೆ ಇಟ್ಟುಕೊಳ್ಳುವ ಹಾಗೇ ಇಲ್ಲ. ಶಾಲೆ ಮುಗಿದ ಮೇಲೆ ಮನೆಯವರಿಗೆ ಅಪಾಯವಿಲ್ಲದ ಕೆಲಸದಲ್ಲಿ ಕೈ ಜೋಡಿಸಬಹುದು, ಅಷ್ಟೆ. 14ರಿಂದ 18ರ ಒಳಗಿನವರನ್ನು ಗಣಿ, ಸಿಡಿಮದ್ದು, ಬೇಗ ಬೆಂಕಿ ಹತ್ತುವ ಪದಾರ್ಥ, ಅಪಾಯದ ಕಾರ್ಖಾನೆ ಕೆಲಸಕ್ಕೆ ಹಚ್ಚಬಾರದು. ಬೇರೆ ಕಡೆ ಇಟ್ಟುಕೊಂಡರೂ ಒಂದೇ ಸಮ 3 ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ 1 ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು. ವಾರಕ್ಕೆ ಒಂದು ದಿನ ರಜೆ. ನಿಷೇಧಿಸಿದ ಕೆಲಸಕ್ಕೆ ಹಚ್ಚಿದ ಮಾಲೀಕನಿಗೆ 6 ತಿಂಗಳಿಂದ 2 ವರ್ಷ ಸಜೆ, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು 18 ತುಂಬಿದ ಮೇಲೇ ಸಿಗುವುದು. ವಯಸ್ಸು ಸುಳ್ಳು ಹೇಳಿ ಕೆಲಸಕ್ಕೆ ಸೇರಿಸಿದರೆ, ನಾಳೆ ಬಿದ್ದು ಪೆಟ್ಟಾದಾಗ ಪರಿಹಾರ ಕೇಳಲೂ ಬಾಯಿ ಕಟ್ಟಿರುತ್ತದೆ. ಮಕ್ಕಳ ಸಹಾಯವಾಣಿ 1098. ನೆನಪಿಟ್ಟುಕೊಳ್ಳಿ.

ಈಗ ನಮ್ಮ ಕೈಯಲ್ಲಿರುವ ವಿಷಯ. ಮೇವಿನ ಮಿಷನ್ನಿಗೆ ಮುಚ್ಚಳವಿಲ್ಲದೆ ಸ್ವಿಚ್ಚು ಹಾಕಬೇಡಿ. ಹುಲ್ಲು ಸಿಕ್ಕಿಕೊಂಡರೆ ಸ್ವಿಚ್ಚು ಆರಿಸಿದರೆ ಸಾಲದು, ಆರಿಸಿದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗುತ್ತದೆ. ಪೂರ್ತಿ ನಿಂತ ಮೇಲೆ, ಫ್ಯೂಸು ತೆಗೆದು, ಕೋಲಿನಲ್ಲಿ ಬಿಡಿಸಬೇಕು. ಹೆಗಲ ಮೇಲಿನ ಟವಲ್ಲು, ಹೆಣ್ಣುಮಕ್ಕಳ ದುಪಟ್ಟ, ಕೈಬಳೆ ಹತ್ತಿರ ಸುಳಿಯಬಾರದು. 18 ತುಂಬದವರನ್ನು ಆ ಮಿಷನ್ನಿನ ಮುಂದೆ ನಿಲ್ಲಿಸಲೇಬೇಡಿ. ಕೆಂಪು ತ್ರಿಕೋನವಿರುವ ಔಷಧಿ ಡಬ್ಬಿಯನ್ನು ಅವರ ಕೈಗೆ ಕೊಡಬೇಡಿ. ಕಬ್ಬಿಣದ ಏಣಿ, ಉದ್ದದ ಪೈಪು ಹೊತ್ತು ಕರೆಂಟಿನ ತಂತಿಯ ಕೆಳಗೆ ಓಡಾಡಿಸಬೇಡಿ. ಟ್ರಾಕ್ಟರನ್ನು ಅವರ ಕೈಗೆ ಕೊಟ್ಟು ರಸ್ತೆಗೆ ಬಿಟ್ಟು ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪೋಷಕರಿಗೇ 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ.

ಇನ್ನೊಂದು ಮಾತು. ನಾವು ಆವತ್ತು ಗಾಬರಿಯಲ್ಲಿ ತುಂಡಾದ ಬೆರಳನ್ನು ಅಲ್ಲೇ ಬಿಟ್ಟು ಓಡಿದೆವು. ಹಾಗೆ ಮಾಡಬಾರದಂತೆ. ಗಾಯಕ್ಕೆ ಶುಭ್ರ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ, 108ಕ್ಕೆ ಫೋನು ಮಾಡಬೇಕು. ಬೆರಳನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಐಸಿನ ಮೇಲೆ ಇಡಬೇಕು. ಬೆರಳಿಗೆ ನೇರವಾಗಿ ಐಸು ತಾಗಬಾರದು. ಬೇಗ ಒಯ್ದರೆ ಕೆಲವು ಸಲ ಮತ್ತೆ ಜೋಡಿಸಬಹುದು. ಇದು ನಮಗೆ ತಡವಾಗಿ ತಿಳಿಯಿತು, ನಿಮಗೆ ಮೊದಲೇ ತಿಳಿದಿರಲಿ.

ಕೊನೆಗೆ ನಮ್ಮ ಸಂಘದ ವಿಷಯ. ತುಂಬಿದ 40 ಲೀಟರಿನ ಹಾಲಿನ ಕ್ಯಾನು 50 ಕೆ.ಜಿ. ಹತ್ತಿರ ತೂಗುತ್ತದೆ. ಅದನ್ನು ಬೆಳಗಿನ ಜಾವ ವ್ಯಾನಿಗೆ ಎತ್ತಿ ಕೊಡಲು ಹದಿನೈದರ ಹುಡುಗರನ್ನು ಕರೆದು, ಟೀ ಕಾಸು ಕೊಟ್ಟು ಕಳಿಸಿದ್ದು ನಾವು ನಿರ್ದೇಶಕರೇ ಕಣ್ಣಾರೆ ಕಂಡು ಸುಮ್ಮನಿದ್ದದ್ದುಂಟು. ಮನೆಯಲ್ಲಿ ಪೆಟ್ಟು ತಿಂದ ಮೇಲೂ ಸುಮ್ಮನಿದ್ದರೆ ಹೇಗೆ? ಆದ್ದರಿಂದ ಈ ಸಭೆಯ ಮುಂದೆ ಮೂರು ಬೇಡಿಕೆ ಇಡುತ್ತೇವೆ. ಒಂದು, 18 ತುಂಬದವರು ಡೈರಿಯಲ್ಲಿ ಕ್ಯಾನು ಎತ್ತಕೂಡದು. ಎರಡು, ಸದಸ್ಯರ ಮನೆಯ ಮೇವಿನ ಮಿಷನ್ನುಗಳನ್ನು ವರ್ಷಕ್ಕೊಮ್ಮೆ ನೋಡಿ, ಮುಚ್ಚಳವಿಲ್ಲದ್ದಕ್ಕೆ ಸಂಘದ ಲಾಭದಲ್ಲಿ ಮುಚ್ಚಳ ಮಾಡಿಸಿಕೊಡಬೇಕು. ಮೂರು, ಪಟ್ಟಣಕ್ಕೆ ಕೆಲಸಕ್ಕೆ ಹೋಗುವ ಹುಡುಗರು ಎಲ್ಲಿ, ಯಾರ ಹತ್ತಿರ ಹೋಗುತ್ತಾರೆ ಅಂತ ಡೈರಿಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಬೇಕು.

ಹುಡುಗರೇ, ನಿಮಗೂ ಒಂದು ಮಾತು. ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಿ. ಆಗಲ್ಲ ಅನಿಸಿದರೆ ಆಗಲ್ಲ ಅನ್ನಿ. ಮೇಸ್ತ್ರಿ ಬೈದರೆ ಬೈಯಲಿ, ಊರಿಗೆ ವಾಪಸ್ಸು ಬನ್ನಿ, ನಾವು ಯಾರೂ ನಗುವುದಿಲ್ಲ.

ಅಣ್ಣನ ಮಗ ಈಗ ಎಡಗೈಯಲ್ಲಿ ಬರೆಯುವುದು ಕಲಿತು ಡಿಗ್ರಿ ಓದುತ್ತಿದ್ದಾನೆ. ಇದನ್ನೆಲ್ಲ ಸಭೆಯಲ್ಲಿ ಹೇಳಲೇನಪ್ಪಾ ಅಂತ ಕೇಳಿದ್ದಕ್ಕೆ, “ಹೇಳಿ ಚಿಕ್ಕಪ್ಪ” ಅಂದ. ಅವನ ಅಪ್ಪಣೆ ಪಡೆದೇ ಹೇಳಿದ್ದೇವೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೂರು ಬೇಡಿಕೆಗಳನ್ನು ಇವತ್ತೇ ನಡಾವಳಿ ಪುಸ್ತಕದಲ್ಲಿ ಬರೆಸಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.